ರಶ್ ವಾರದಲ್ಲಿ ಹೊಸ ವಿದ್ಯಾರ್ಥಿನಿಯರೊಂದಿಗೆ ಏನು ಮಾತನಾಡಬೇಕು, ಹೇಗೆ ಮಾತನಾಡಬೇಕು?

ತುಂಗಾತೀರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಆಮೇಲೆ ಅಪ್ಪ ಅಮ್ಮನ ಜೊತೆ ಜಾರ್ಜಿಯಾಕ್ಕೆ ಬಂದವಳು ನಾನು. ಈಗ ಅಮೆರಿಕದ ದಕ್ಷಿಣ ಭಾಗದ ಒಂದು ವಿಶ್ವವಿದ್ಯಾಲಯದಲ್ಲಿ ಎರಡನೆಯ ವರ್ಷದ ವಿದ್ಯಾರ್ಥಿನಿ. ಕಳೆದ ವರ್ಷ ಇಲ್ಲಿನ ಒಂದು ಸೊರೊರಿಟಿಗೆ ಸೇರಿದೆ. ಈ ಆಗಸ್ಟಿನಲ್ಲಿ, ತರಗತಿಗಳು ಶುರುವಾಗುವುದಕ್ಕೆ ಮೊದಲಿನ ರಶ್ ವಾರದಲ್ಲಿ, ನಾನು ಮೊದಲ ಸಲ ಮನೆಯ ಒಳಗೆ ನಿಂತು ಹೊಸ ಹುಡುಗಿಯರನ್ನು ಬರಮಾಡಿಕೊಳ್ಳಬೇಕಾಗಿದೆ.

ಇದರ ಪರಿಚಯವಿಲ್ಲದ ಹಿರಿಯರಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ. ಸೊರೊರಿಟಿ ಎಂದರೆ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ವಿದ್ಯಾರ್ಥಿನಿಯರ ಸಂಘ. ಸಂಘವನ್ನೂ ಅದರ ಕಟ್ಟಡವನ್ನೂ ಮನೆ ಎಂದೇ ಕರೆಯುತ್ತೇವೆ. ಈ ಸಂಘಗಳು ಹೊಸ ಸದಸ್ಯೆಯರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯೇ ರಶ್. 1851ರಲ್ಲಿ ಜಾರ್ಜಿಯಾದ ಮೇಕನ್ ಊರಿನ ವೆಸ್ಲಿಯನ್ ಕಾಲೇಜಿನಲ್ಲಿ ಹುಟ್ಟಿದ ಅಡೆಲ್ಫಿಯನ್ ಸೊಸೈಟಿ, ಅಂದರೆ ಇಂದಿನ ಆಲ್ಫಾ ಡೆಲ್ಟಾ ಪೈ, ಇವುಗಳಲ್ಲಿ ಅತಿ ಹಳೆಯದು. 1902ರಲ್ಲಿ ರಚನೆಯಾದ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಎಂಬ ಒಕ್ಕೂಟದ ನಿಯಮಗಳಂತೆ ರಶ್ ನಡೆಯುತ್ತದೆ. ಮೊದಲು ಓಪನ್ ಹೌಸ್, ಆಮೇಲೆ ಸಂಘದ ಸೇವಾಕಾರ್ಯದ ಸುತ್ತು, ಆಮೇಲೆ ಸದಸ್ಯೆಯರ ಬದುಕಿನ ಪರಿಚಯದ ಸುತ್ತು, ಕೊನೆಗೆ ಪ್ರೆಫರೆನ್ಸ್. ಸೇರಬಯಸುವ ಹುಡುಗಿಯನ್ನು ಪಿಎನ್‌ಎಂ ಎನ್ನುತ್ತಾರೆ. ಪ್ರತಿ ಸುತ್ತಿನ ನಂತರ ಎರಡೂ ಕಡೆಯವರು ತಮ್ಮ ಆಯ್ಕೆಯನ್ನು ಕಿರಿದು ಮಾಡಿಕೊಳ್ಳುತ್ತಾ ಹೋಗುತ್ತಾರೆ.

ನನ್ನ ತೊಡಕು ಮೊದಲ ಸುತ್ತಿನದು. ಬಾಗಿಲು ತೆರೆದೊಡನೆ ಹಾಡು, ಚಪ್ಪಾಳೆ, ಒಂದೇ ಹಾಲಿನಲ್ಲಿ ನೂರಾರು ಜನರ ಗದ್ದಲ. ಒಬ್ಬ ಹುಡುಗಿಯ ಜೊತೆ ಕೆಲವೇ ನಿಮಿಷ ಮಾತನಾಡುವಷ್ಟರಲ್ಲಿ ಇನ್ನೊಬ್ಬ ಸದಸ್ಯೆ ಬಂದು ನನ್ನ ಜಾಗ ತೆಗೆದುಕೊಳ್ಳುತ್ತಾಳೆ. ಇದಕ್ಕೆ ಬಂಪ್ ಎನ್ನುತ್ತಾರೆ. ಅಭ್ಯಾಸದ ದಿನಗಳಲ್ಲಿ ಹೆಸರು, ಊರು, ಮೇಜರ್ (ಓದುವ ಮುಖ್ಯ ವಿಷಯ), ಯಾವ ಹಾಸ್ಟೆಲ್ ಎಂಬ ನಾಲ್ಕು ಪ್ರಶ್ನೆ ಮುಗಿಯುತ್ತಿದ್ದಂತೆ ನನ್ನ ಬಾಯಿ ಕಟ್ಟಿಹೋಗುತ್ತಿದೆ. ನಮ್ಮ ಕಡೆ ಹೊಸಬರು ಸಿಕ್ಕರೆ ಯಾವ ಊರು, ಅಪ್ಪ ಏನು ಮಾಡುತ್ತಾರೆ, ಮನೆಯಲ್ಲಿ ಎಷ್ಟು ಜನ ಎಂದು ಕೇಳುವುದು ಆತ್ಮೀಯತೆ. ಇಲ್ಲಿ ಹಣಕಾಸು, ಧರ್ಮ, ರಾಜಕೀಯ ಯಾವುದನ್ನೂ ಮುಟ್ಟಬಾರದೆಂದು ಮೊದಲೇ ಹೇಳಿದ್ದಾರೆ. ಹಾಗಾದರೆ ಉಳಿಯುವುದೇನು? ಸಂದರ್ಶನದ ಹಾಗೆ ಕೇಳಿಸದಂತೆ, ಮನಸ್ಸಿಟ್ಟು ಮಾತನಾಡುವುದು ಹೇಗೆ? ಅನುಭವವಿರುವ ಅಕ್ಕಂದಿರು ದಯವಿಟ್ಟು ತಿಳಿಸಿ.

ಸಂಪಿಗೆ_ಅಟ್ಲಾಂಟಾ

ತಂಗೀ, ಕಾಲೇಜಿನ ಮೂರನೆಯ ವರ್ಷದಲ್ಲಿ ನಮ್ಮ ಚಾಪ್ಟರಿನ, ಅಂದರೆ ಸೊರೊರಿಟಿಯ ಕ್ಯಾಂಪಸ್ ಶಾಖೆಯ, ರಿಕ್ರೂಟ್‌ಮೆಂಟ್ ಹೊಣೆ ನನ್ನ ಮೇಲಿತ್ತು. ಹೊಸ ಸದಸ್ಯೆಯರಿಗೆ ಮಾತಿನ ತರಬೇತಿ ಕೊಡುವುದೇ ಆ ಬೇಸಿಗೆಯ ನನ್ನ ಮುಖ್ಯ ಕೆಲಸವಾಗಿತ್ತು. ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಆ ನಾಲ್ಕು ಪ್ರಶ್ನೆಗಳನ್ನು ಬಿಡಬೇಡಿ. ಅವು ಎದುರಿನವಳಿಗೆ ಉಸಿರು ತೆಗೆದುಕೊಳ್ಳಲು ಸಮಯ ಕೊಡುತ್ತವೆ; ಉತ್ತರ ಗೊತ್ತಿರುವ ಪ್ರಶ್ನೆಯಿಂದ ಶುರುವಾದರೆ ಯಾರಿಗಾದರೂ ಧೈರ್ಯ ಬರುತ್ತದೆ. ಮಾತು ಸಾಯುವುದು ಆ ಪ್ರಶ್ನೆಗಳಿಂದಲ್ಲ, ಉತ್ತರ ಬಂದ ಮೇಲೆ ಅದರ ಹತ್ತಿರ ಒಂದು ಗಳಿಗೆಯೂ ನಿಲ್ಲದೆ ಮುಂದಿನದಕ್ಕೆ ಹಾರುವುದರಿಂದ. ಜನಗಣತಿಗೆ ಬಂದವರು ನಮೂನೆ ತುಂಬಿಸಿಕೊಳ್ಳುವ ಹಾಗೆ ಕೇಳಿದರೆ ಎದುರಿನವಳೂ ನಮೂನೆ ತುಂಬಿಸುವ ಹಾಗೆಯೇ ಉತ್ತರಿಸುತ್ತಾಳೆ.

ಉದಾಹರಣೆಗೆ, ಹುಡುಗಿ "ನಾನು ಸವಾನಾದವಳು" ಎನ್ನುತ್ತಾಳೆ. "ಓ, ಬಹಳ ಸುಂದರ ಊರು, ನಿನ್ನ ಮೇಜರ್ ಯಾವುದು?" ಎಂದರೆ ಆ ಊರಿನ ಕಥೆ ಅಲ್ಲಿಗೇ ಮುಗಿಯಿತು. ಅದರ ಬದಲು "ಇಲ್ಲಿಗೆ ಹೊರಡುವ ದಿನ ಕಾರಿನಲ್ಲಿ ಜಾಗ ಸಾಲದೆ ಮನೆಯಲ್ಲೇ ಬಿಟ್ಟು ಬಂದದ್ದೇನಾದರೂ ಇದೆಯಾ?" ಎಂದು ಕೇಳಿ. ಗಿಟಾರ್ ಎನ್ನಬಹುದು, ನಾಯಿಮರಿ ಎನ್ನಬಹುದು, ತಮ್ಮನನ್ನು ಎಂದು ನಗಬಹುದು. ಮೂರರಲ್ಲಿ ಯಾವುದನ್ನು ಹೇಳಿದರೂ ನಿಮಗೆ ಮುಂದಿನ ದಾರಿ ಸಿಕ್ಕಿತು. ನರ್ಸಿಂಗ್ ಓದುತ್ತೇನೆ ಎಂದವಳನ್ನು ಯಾಕೆ ನರ್ಸಿಂಗ್ ಎಂದು ಕೇಳಿದರೆ ಅವಳು ಕಾಲೇಜಿನ ಅರ್ಜಿಗೆ ಬರೆದಿದ್ದ ಪ್ರಬಂಧವನ್ನೇ ಒಪ್ಪಿಸುತ್ತಾಳೆ, "ನರ್ಸಿಂಗ್ ಓದಬೇಕೆಂದು ಮನೆಯಲ್ಲಿ ಮೊದಲು ಯಾರಿಗೆ ಹೇಳಿದೆ, ಅವರು ಏನಂದರು?" ಎಂದು ಕೇಳಿದರೆ ಒಂದು ಸಂಜೆಯ ನೆನಪು ಹೊರಗೆ ಬರುತ್ತದೆ. ಯಾಕೆ ಎಂಬ ಪ್ರಶ್ನೆ ಸಮರ್ಥನೆಯನ್ನು ಕೇಳುತ್ತದೆ, ಯಾವಾಗ, ಯಾರು, ಎಲ್ಲಿ ಎಂಬವು ಘಟನೆಯನ್ನು ಕೇಳುತ್ತವೆ. ಹದಿನೆಂಟು ವರ್ಷದ, ಹೆದರಿ ನಿಂತಿರುವ ಹುಡುಗಿಗೆ ಘಟನೆ ಹೇಳುವುದು ಸುಲಭ.

ಪ್ರಶ್ನೆಯ ಜೊತೆಗೆ ನಿಮ್ಮದನ್ನೂ ಒಂದಿಷ್ಟು ಕೊಡಿ. ಅವಳು ತಮ್ಮನ ಸುದ್ದಿ ಹೇಳಿದಾಗ ನಿಮ್ಮ ತಂಗಿಯ ಬಗ್ಗೆ ಒಂದು ವಾಕ್ಯ ಹೇಳಿ ಮತ್ತೆ ಮಾತನ್ನು ಅವಳಿಗೇ ಬಿಟ್ಟುಕೊಡಿ. ಒಂದೇ ವಾಕ್ಯ ಸಾಕು; ನಿಮ್ಮ ಕಥೆ ದೊಡ್ಡದಾದರೆ ಆ ಕೆಲವು ನಿಮಿಷಗಳು ನಿಮ್ಮವಾಗಿ ಹೋಗುತ್ತವೆ.

ಬಂಪ್ ಆಗುವ ಗಳಿಗೆಯನ್ನು ಬಹಳ ಜನ ಹಾಳುಮಾಡುತ್ತಾರೆ. ಹೊಸದಾಗಿ ಬಂದ ಸದಸ್ಯೆಗೆ ಹೆಸರಷ್ಟೇ ಹೇಳಿ ಸರಿದುಹೋದರೆ, ಆಕೆ ಮತ್ತೆ ಊರು, ಮೇಜರ್ ಎಂದು ಮೊದಲಿನಿಂದ ಶುರುಮಾಡುತ್ತಾಳೆ. ಹೊರಡುವ ಮುನ್ನ "ಇವಳು ತನ್ನ ಅಜ್ಜನ ಜೊತೆ ಜೇನು ಸಾಕಿದ ಕಥೆ ಹೇಳುತ್ತಿದ್ದಳು, ಮೊದಲ ಸಲ ಹುಳ ಕಡಿದದ್ದನ್ನು ನೀನು ಕೇಳಲೇಬೇಕು" ಎಂದು ಮಾತನ್ನು ದಾಟಿಸಿ. ತನ್ನ ಮಾತನ್ನು ಕೇಳಿಸಿಕೊಂಡಿದ್ದಾರೆ ಎಂಬುದಕ್ಕೆ ಆ ಹುಡುಗಿಗೆ ಬೇರೆ ಸಾಕ್ಷಿ ಬೇಕಿಲ್ಲ.

ಇದಕ್ಕೆ ಇನ್ನೊಂದು ಗಂಭೀರ ಕಾರಣವೂ ಇದೆ. ಅವರು ಹೊರಟ ಮೇಲೆ ನೀವು ಪ್ರತಿಯೊಬ್ಬಳ ಬಗ್ಗೆಯೂ ಟಿಪ್ಪಣಿ ಬರೆಯಬೇಕು, ಅಂಕ ಕೊಡಬೇಕು. ಅಂದು ರಾತ್ರಿ ಅವಳ ಬಗ್ಗೆ ಮಾತು ಬಂದಾಗ ಅವಳ ಪರವಾಗಿ ಹೇಳಲು ಇರುವುದು ನಿಮ್ಮ ನೆನಪು ಮಾತ್ರ. "ಒಳ್ಳೆಯ ಹುಡುಗಿ, ಮುದ್ದಾಗಿದ್ದಾಳೆ" ಎಂದು ಬರೆದರೆ ಅವಳು ಅಂಥ ಟಿಪ್ಪಣಿಗಳ ರಾಶಿಯಲ್ಲಿ ಕಳೆದುಹೋಗುತ್ತಾಳೆ. "ಜೇನು ಸಾಕುತ್ತಾಳೆ, ಕೀಟಶಾಸ್ತ್ರ ಓದಬೇಕೆಂದಿದ್ದಾಳೆ, ಹೈಸ್ಕೂಲಿನಲ್ಲಿ ಕಿರಿಯರಿಗೆ ಗಣಿತ ಹೇಳಿಕೊಟ್ಟಿದ್ದಾಳೆ" ಎಂದು ಬರೆದರೆ ಯಾರಾದರೂ ಒಬ್ಬರು ಅವಳನ್ನು ಮರುದಿನ ಮತ್ತೆ ನೋಡಬೇಕೆನ್ನುತ್ತಾರೆ. ನೀವು ಕೇಳುವ ಪ್ರಶ್ನೆಯ ಗುಣ ನೇರವಾಗಿ ಅವಳ ಅವಕಾಶಕ್ಕೆ ತಟ್ಟುತ್ತದೆ.

ಸಂವಹನ_ಪಾಠ

ನಾನು ಓಹಾಯೋದ ಒಂದು ಕಾಲೇಜಿನಲ್ಲಿ ಸಂವಹನ ವಿಷಯವನ್ನು ಕಲಿಸುತ್ತೇನೆ. ಸಂಪಿಗೆಯವರು ಅನುಭವದಿಂದ ಬರೆದುದಕ್ಕೆ ಅಧ್ಯಯನಗಳ ಬೆಂಬಲವೂ ಇದೆ. ಕರೆನ್ ಹುವಾಂಗ್, ಆಲಿಸನ್ ವುಡ್ ಬ್ರೂಕ್ಸ್ ಮತ್ತು ಅವರ ಸಹೋದ್ಯೋಗಿಗಳು 2017ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಮಾತುಕತೆಯಲ್ಲಿ ಹೆಚ್ಚು ಪ್ರಶ್ನೆ ಕೇಳಿದವರು ಎದುರಿನವರಿಗೆ ಹೆಚ್ಚು ಇಷ್ಟವಾದರು. ಅದರಲ್ಲೂ ಹಿಂದಿನ ಉತ್ತರವನ್ನೇ ಹಿಡಿದು ಕೇಳುವ ಪ್ರಶ್ನೆಗಳಿಂದ ಈ ಪರಿಣಾಮ ಉಂಟಾಯಿತು. ಅವರು ಗಮನಿಸಿದ ಸಂದರ್ಭಗಳಲ್ಲಿ ಸ್ಪೀಡ್ ಡೇಟಿಂಗ್ ಕೂಡ ಇತ್ತು. ಕೆಲವೇ ನಿಮಿಷ ಮಾತನಾಡಿ ಮುಂದಿನವರ ಬಳಿಗೆ ಹೋಗುವ ಆ ಏರ್ಪಾಡು ರಶ್ ವಾರದ ಏರ್ಪಾಡಿಗೆ ಬಹಳ ಹತ್ತಿರದ್ದಾಗಿರುವುದರಿಂದ ಇಲ್ಲಿ ಅದನ್ನು ಹೇಳುವುದು ಸೂಕ್ತವೆನಿಸಿತು.

ಇನ್ನೊಂದು, 2018ರಲ್ಲಿ ಎರಿಕಾ ಬೂತ್‌ಬಿ, ಗಸ್ ಕೂನಿ, ಗಿಲಿಯನ್ ಸ್ಯಾಂಡ್‌ಸ್ಟ್ರೋಮ್ ಮತ್ತು ಮಾರ್ಗರೆಟ್ ಕ್ಲಾರ್ಕ್ ಪ್ರಕಟಿಸಿದ್ದು. ಅಪರಿಚಿತರಿಬ್ಬರು ಮಾತನಾಡಿ ಎದ್ದ ಮೇಲೆ, ಇಬ್ಬರೂ "ನಾನು ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ" ಎಂದುಕೊಳ್ಳುತ್ತಾರೆ. ನಿಜದಲ್ಲಿ ಇಬ್ಬರಿಗೂ ಎದುರಿನವರು ತಾವು ಊಹಿಸಿದ್ದಕ್ಕಿಂತ ಹೆಚ್ಚು ಹಿಡಿಸಿರುತ್ತಾರೆ. ಯೇಲ್ ವಿಶ್ವವಿದ್ಯಾಲಯದಲ್ಲಿ ಒಂದೇ ವಸತಿಯಲ್ಲಿದ್ದ ಮೊದಲ ವರ್ಷದ ವಿದ್ಯಾರ್ಥಿಗಳಲ್ಲಿ ಈ ಅಂತರ ತಿಂಗಳುಗಟ್ಟಲೆ ಉಳಿದಿತ್ತು. ತುಂಗಾತೀರ ಅವರೇ, ನಿಮ್ಮ ಬಾಯಿ ಕಟ್ಟಿದ ಗಳಿಗೆಯಲ್ಲಿ ಎದುರಿಗಿರುವ ಹುಡುಗಿ ತನ್ನ ಮಾತಿನ ಬಗ್ಗೆಯೇ ಚಿಂತಿಸುತ್ತಿರುತ್ತಾಳೆಯೇ ಹೊರತು ನಿಮ್ಮನ್ನು ಅಳೆಯುತ್ತಿರುವುದಿಲ್ಲ.

ಒಂದು ಎಚ್ಚರಿಕೆ. ಇದನ್ನು ಓದಿ ಒಂದರ ಮೇಲೊಂದು ಪ್ರಶ್ನೆ ಎಸೆಯಬಾರದು. ಉತ್ತರ ಕೇಳುವ ಮೊದಲೇ ಮನಸ್ಸಿನಲ್ಲಿ ಮುಂದಿನ ಪ್ರಶ್ನೆಯನ್ನು ಜೋಡಿಸುತ್ತಿದ್ದರೆ ಅದು ಮುಖದಲ್ಲಿ ಕಾಣುತ್ತದೆ.

ಚಾರ್ಲಟ್_ಅಮ್ಮ

ನನ್ನ ಮಗಳು ಹೊರಗಿನಿಂದ ಒಳಗೆ ಹೋದವಳು; ಒಬ್ಬ ತಾಯಿಯಾಗಿ ಆ ಕಡೆಯ ಅನುಭವವನ್ನು ಹೇಳಬಲ್ಲೆ. ದಕ್ಷಿಣದ ಆಗಸ್ಟ್ ಬಿಸಿಲನ್ನು ನೀವೆಲ್ಲ ಬಲ್ಲಿರಿ. ಒಂದು ಮನೆಯಿಂದ ಇನ್ನೊಂದಕ್ಕೆ ನಡೆದು, ಸಾಲಿನಲ್ಲಿ ನಿಂತು, ಬೆವರಿ, ಕೂದಲು ಕೆದರಿ, ಮತ್ತೆ ಬಾಗಿಲು ತೆರೆದಾಗ ನಗಬೇಕು. ಸಂಜೆ ಫೋನಿನಲ್ಲಿ ಅವಳ ಗಂಟಲು ಕಟ್ಟಿರುತ್ತಿತ್ತು. "ಅಮ್ಮಾ, ನನ್ನ ಮೇಜರ್ ಯಾವುದು ಎಂದು ಹೇಳಿ ಹೇಳಿ ನನಗೇ ಅದರ ಮೇಲೆ ಬೇಸರ ಬಂದಿದೆ" ಎಂದು ಒಂದು ದಿನ ಅತ್ತಳು.

ಒಂದು ಮನೆಯಲ್ಲಿ ಅವಳ ಜೊತೆ ಮಾತನಾಡುತ್ತಿದ್ದ ಸದಸ್ಯೆಯ ಕಣ್ಣು ಪೂರ್ತಿ ಸಮಯ ಇವಳ ಭುಜದ ಮೇಲಿಂದ ಬಾಗಿಲ ಕಡೆಗಿತ್ತಂತೆ. ಬೇರೆ ಯಾವ ನೋವಿನ ಮಾತನ್ನೂ ಅಲ್ಲಿ ಯಾರೂ ಆಡಲಿಲ್ಲ. ಆದರೂ ಆ ಮನೆಯ ಹೆಸರೆತ್ತಿದರೆ ಅವಳು ಇಂದಿಗೂ ಸುಮ್ಮನಾಗುತ್ತಾಳೆ. ಇನ್ನೊಂದು ಮನೆಯಲ್ಲಿ ಒಬ್ಬಳು ಮೊದಲು ಮಾಡಿದ ಕೆಲಸ ಒಂದು ಲೋಟ ತಣ್ಣೀರು ಕೊಟ್ಟು "ಮೊದಲು ಕುಡಿ, ಆಮೇಲೆ ಮಾತು" ಎಂದದ್ದು. ಮಗಳು ಕೊನೆಗೆ ಸೇರಿದ್ದು ಆ ಮನೆಗಲ್ಲ, ಆದರೂ ಆ ಹುಡುಗಿಯ ಹೆಸರನ್ನು ಪ್ರೀತಿಯಿಂದ ನೆನೆಸುತ್ತಾಳೆ. ನಮ್ಮ ಮನೆಗಳಲ್ಲಿ ಬಂದವರಿಗೆ ನೀರು ಕೊಡದೆ ಮಾತು ಶುರುಮಾಡುವುದಿಲ್ಲ. ತಂಗಾಳಿಯ ಕೋಣೆಯಲ್ಲಿ ನಿಂತವರಿಗೆ ಹೊರಗಿನ ಬಿಸಿಲು ಮರೆತುಹೋಗುವುದು ಸಹಜ, ಅದಕ್ಕೇ ಹೇಳಿದೆ ಮಗಳೇ.

ರಾಲೀ_ನಿವಾಸಿ

ಎಲ್ಲರ ಬರಹವನ್ನೂ ಗೌರವದಿಂದ ಓದಿದೆ. ಆದರೆ ಇಬ್ಬರು ಹೆಣ್ಣುಮಕ್ಕಳ ತಂದೆಯಾಗಿ ನನಗೊಂದು ಮೂಲಭೂತ ಸಂದೇಹವಿದೆ. ಕೆಲವು ನಿಮಿಷದ ಲೋಕಾಭಿರಾಮದ ಮಾತಿನಿಂದ ಒಬ್ಬ ಹುಡುಗಿಯನ್ನು ತೂಗುವುದು ನ್ಯಾಯವೇ? ಅಷ್ಟು ಕಡಿಮೆ ಹೊತ್ತಿನಲ್ಲಿ ಮನುಷ್ಯರು ತಮ್ಮಂತೆಯೇ ಕಾಣುವವರನ್ನು, ತಮ್ಮಂತೆಯೇ ಮಾತನಾಡುವವರನ್ನು ಆರಿಸುತ್ತಾರೆ. ಅಲಬಾಮಾ ವಿಶ್ವವಿದ್ಯಾಲಯದ ರಶ್‌ಗೆ ಪ್ರತಿ ಆಗಸ್ಟಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹುಡುಗಿಯರು ಬರುತ್ತಾರೆ. 2021ರಿಂದ ಟಿಕ್‌ಟಾಕ್‌ನಲ್ಲಿ ಅವರ ಬಟ್ಟೆಬರೆಯನ್ನು ಲೋಕವೆಲ್ಲ ನೋಡಿದೆ. ಅದೇ ವಿಶ್ವವಿದ್ಯಾಲಯದಲ್ಲಿ, ಓದಿನಲ್ಲಿಯೂ ಸೇವೆಯಲ್ಲಿಯೂ ಮುಂದಿದ್ದ ಕಪ್ಪು ವಿದ್ಯಾರ್ಥಿನಿಯೊಬ್ಬಳನ್ನು ಎಲ್ಲ ಮನೆಗಳೂ ಕೈಬಿಟ್ಟ ವಿಷಯವನ್ನು ವಿದ್ಯಾರ್ಥಿ ಪತ್ರಿಕೆ ಕ್ರಿಮ್ಸನ್ ವೈಟ್ 2013ರ ಸೆಪ್ಟೆಂಬರಿನಲ್ಲಿ ಬಯಲಿಗೆ ತಂದಿತು. ಕೆಲವು ಮನೆಗಳಲ್ಲಿ ಸದಸ್ಯೆಯರಿಗೆ ಒಪ್ಪಿಗೆಯಿದ್ದರೂ ಹಳೆಯ ಸದಸ್ಯೆಯರು ತಡೆದಿದ್ದರೆಂದು ಆ ವರದಿ ಹೇಳಿತು. ದೇಶವೇ ಪ್ರಶ್ನಿಸಿದ ಮೇಲೆ ಪ್ರವೇಶವನ್ನು ಮತ್ತೆ ತೆರೆದು ಕಪ್ಪು ವಿದ್ಯಾರ್ಥಿನಿಯರಿಗೂ ಆಹ್ವಾನ ಕೊಟ್ಟರು. ಹೀಗಿರುವಾಗ ಮಾತಿನ ನಯವನ್ನು ಕಲಿಸುವುದರಿಂದ ಏನು ಬದಲಾಗುತ್ತದೆ?

ಸಂಪಿಗೆ_ಅಟ್ಲಾಂಟಾ

ಅಣ್ಣನವರೇ, ನೀವು ಎತ್ತಿದ ಇತಿಹಾಸ ಸತ್ಯ, ಅದನ್ನು ಮರೆಯುವ ಹಕ್ಕು ಯಾರಿಗೂ ಇಲ್ಲ. ಬರೀ ಒಳ್ಳೆಯ ಮಾತಿನಿಂದ ಒಂದು ವ್ಯವಸ್ಥೆಯ ಅನ್ಯಾಯ ಕರಗುತ್ತದೆಂದು ನಾನೂ ನಂಬುವುದಿಲ್ಲ. ಆದರೆ ಒಳಗೆ ನಿಂತ ಹುಡುಗಿಯ ಕೈಯಲ್ಲಿರುವುದು ಆ ಕೆಲವು ನಿಮಿಷಗಳು, ಮತ್ತು ಆಮೇಲೆ ಅವಳು ಬರೆಯುವ ಟಿಪ್ಪಣಿ. ರೂಪ, ಬಟ್ಟೆ, ಉಚ್ಚಾರಣೆ ಇವು ಕಣ್ಣಿಗೂ ಕಿವಿಗೂ ತಾವಾಗಿಯೇ ಬೀಳುತ್ತವೆ. ಅವುಗಳಿಗೆ ಪ್ರಶ್ನೆ ಬೇಕಿಲ್ಲ. ಅವಳು ಏನನ್ನು ಪ್ರೀತಿಸುತ್ತಾಳೆ, ಯಾರಿಗಾಗಿ ಸಮಯ ಕೊಟ್ಟಿದ್ದಾಳೆ ಎಂಬುದು ಕೇಳಿದರೆ ಮಾತ್ರ ತಿಳಿಯುತ್ತದೆ. ನೀವು ಹೇಳಿದ ಅಪಾಯವಿರುವುದರಿಂದಲೇ ಕೇಳುವುದನ್ನು ಕಲಿಯಬೇಕು ಎನ್ನುತ್ತೇನೆ. ಸದಸ್ಯೆಯರ ಮಕ್ಕಳು, ತಂಗಿಯರಿಗೆ ಕೊಡುತ್ತಿದ್ದ ಲೆಗಸಿ ಆದ್ಯತೆಯನ್ನು ಹಲವು ಸಂಘಗಳು 2020ರ ನಂತರ ಕೈಬಿಟ್ಟಿರುವುದರಿಂದ, ಪರಿಚಯದ ಬಲವಿಲ್ಲದೆ ಬರುವ ನಮ್ಮಂಥವರ ಮನೆಯ ಹುಡುಗಿಯರಿಗೆ ಆ ಮಾತುಕತೆಯ ತೂಕ ಇನ್ನೂ ಹೆಚ್ಚಾಗಿದೆ.

ಹೆಸರಿನ ವಿಷಯವನ್ನೂ ಇಲ್ಲೇ ಸೇರಿಸುತ್ತೇನೆ. ನಮ್ಮ ಹೆಣ್ಣುಮಕ್ಕಳ ಹೆಸರು ಉದ್ದವಾಗಿದ್ದರೆ "ಚಿಕ್ಕದಾಗಿ ಏನೆಂದು ಕರೆಯಲಿ?" ಎಂಬುದು ಇಲ್ಲಿನವರ ಮೊದಲ ಮಾತು. ಅದನ್ನು ಕೇಳಬೇಡಿ ಎಂದು ನಾನು ನಮ್ಮ ಸದಸ್ಯೆಯರಿಗೆ ಹೇಳಿದ್ದೆ. "ಇನ್ನೊಮ್ಮೆ ಹೇಳು, ನಾನು ಸರಿಯಾಗಿ ಕಲಿಯಬೇಕು" ಎಂದರೆ ಸಾಕು. ವಿಯೆಟ್ನಾಮಿನ ಹೆಸರಾಗಲಿ, ನೈಜೀರಿಯಾದ ಹೆಸರಾಗಲಿ, ನಮ್ಮದಾಗಲಿ, ಎರಡು ಸಲ ಹೇಳಿದರೆ ಯಾರ ನಾಲಿಗೆಗೂ ಬರುತ್ತದೆ.

ಹ್ಯೂಸ್ಟನ್_ಮಲ್ಲಿಗೆ

ನಾನು ಟೆಕ್ಸಾಸಿನಲ್ಲಿ ದಕ್ಷಿಣ ಏಷ್ಯಾ ಮೂಲದ ವಿದ್ಯಾರ್ಥಿನಿಯರ ಸೊರೊರಿಟಿಯೊಂದರಲ್ಲಿದ್ದವಳು. ನಮ್ಮ ಸಂಘಗಳು ಹೊಸವು. 1998ರ ಒಂದೇ ವರ್ಷದಲ್ಲಿ ಆಸ್ಟಿನ್‌ನಲ್ಲಿ ಕಪ್ಪಾ ಫೈ ಗಾಮಾ, ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಡೆಲ್ಟಾ ಫೈ ಒಮೆಗಾ, ನ್ಯೂಯಾರ್ಕಿನ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯದಲ್ಲಿ ಸಿಗ್ಮಾ ಸಿಗ್ಮಾ ರೋ ಹುಟ್ಟಿದವು. ನಮ್ಮಲ್ಲಿ ಸಾವಿರಾರು ಜನರ ಸಾಲು ಇಲ್ಲ, ಹಾಡುವ ಬಾಗಿಲು ಇಲ್ಲ. ಚಹಾ, ಆಟ, ಒಂದೆರಡು ಪರಿಚಯದ ಸಂಜೆಗಳು. ಮಾತಿಗೆ ಹೆಚ್ಚು ಸಮಯ. ಹಾಗಿದ್ದರೂ ನಮಗೂ ಒಂದು ತೊಡಕಿತ್ತು, ಅದು ಇಲ್ಲಿನ ಓದುಗರಿಗೆ ಹತ್ತಿರದ್ದು.

ದೊಡ್ಡ ಸೊರೊರಿಟಿಗಳಲ್ಲಿ ನಮ್ಮ ಮುಖ ನೋಡಿ "ನೀನು ಎಲ್ಲಿಯವಳು?" ಎಂದು ಕೇಳಿ, ಡಲ್ಲಾಸ್ ಎಂದರೆ "ಹಾಗಲ್ಲ, ನಿಜವಾಗಿ ಎಲ್ಲಿಯವಳು?" ಎನ್ನುತ್ತಾರೆ. ಅದು ಚುಚ್ಚುತ್ತದೆ. ಆದರೆ ನಮ್ಮವರ ನಡುವೆ ಅದೇ ಪ್ರಶ್ನೆ ಬೇರೆ ದಾರಿ ಹಿಡಿಯುತ್ತದೆ. ಯಾವ ಭಾಷೆ, ಯಾವ ಊರು, ಯಾವ ಕಡೆಯವರು, ಅಡ್ಡಹೆಸರೇನು, ಮನೆಯಲ್ಲಿ ಮಾಂಸ ತಿನ್ನುತ್ತೀರಾ ಎಂದು ಒಂದೊಂದೇ ಮೆಟ್ಟಿಲು ಇಳಿದರೆ ಕೊನೆಗೆ ಸಿಗುವುದು ಜಾತಿ. ಕೇಳುವವಳಿಗೆ ಆ ಉದ್ದೇಶ ಇಲ್ಲದಿರಬಹುದು. ಕೇಳಿಸಿಕೊಳ್ಳುವವಳ ಮನೆಯಲ್ಲಿ ಆ ಪ್ರಶ್ನೆಗಳಿಗೆ ಬೇರೆಯೇ ಚರಿತ್ರೆ ಇರಬಹುದು. ಆದ್ದರಿಂದ ತುಂಗಾತೀರ, "ಮನೆಯಲ್ಲಿ ಹಬ್ಬಕ್ಕೆ ಏನು ಅಡುಗೆ?" ಎಂಬಂಥದ್ದನ್ನೂ ಆಕೆಯೇ ಹಬ್ಬದ ಮಾತೆತ್ತಿದರೆ ಮಾತ್ರ ಕೇಳಿ. ಭಾರತದ ಮೂಲದ ಹುಡುಗಿಯೊಬ್ಬಳು ಎದುರಿಗೆ ಬಂದಳೆಂದು ಅವಳ ಜೊತೆ ಭಾರತದ ಬಗ್ಗೆಯೇ ಮಾತನಾಡಬೇಕಿಲ್ಲ. ಅವಳು ಸಾಫ್ಟ್‌ಬಾಲ್ ಆಟಗಾರ್ತಿಯಾಗಿರಬಹುದು. ಅದನ್ನು ಹೇಳಲೆಂದೇ ಕಾಯುತ್ತಿರಬಹುದು.

ತುಂಗಾತೀರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡು ಸಂದೇಹಗಳು ಇನ್ನೂ ಉಳಿದಿವೆ. ಏನು ಕೇಳಿದರೂ ಹೌದು, ಇಲ್ಲ ಎಂದಷ್ಟೇ ಹೇಳುವ, ನಾಚಿಕೆಯ ಹುಡುಗಿ ಬಂದರೆ ಏನು ಮಾಡಬೇಕು? ಮತ್ತು ನಾನು ಮುಟ್ಟದ ವಿಷಯವನ್ನು ಅವಳೇ ಎತ್ತಿದರೆ, ಉದಾಹರಣೆಗೆ ತನ್ನ ಚರ್ಚ್ ಬಗ್ಗೆ ಅಥವಾ ಚುನಾವಣೆಯ ಬಗ್ಗೆ ಹೇಳತೊಡಗಿದರೆ, ಮುಖ ತಿರುಗಿಸಿದಂತಾಗದೆ ಹೇಗೆ ನಡೆದುಕೊಳ್ಳಬೇಕು?

ಹಾದಿ_ತೋರುಗ

ನಾನು ಕಳೆದ ವರ್ಷ ರೋ ಗಾಮಾ ಆಗಿದ್ದೆ. ಹಾಗೆಂದರೆ ತನ್ನ ಸೊರೊರಿಟಿಯ ಗುರುತನ್ನು ಆ ಅವಧಿಗೆ ಪಕ್ಕಕ್ಕಿಟ್ಟು, ಪಿಎನ್‌ಎಂಗಳ ಒಂದು ಗುಂಪಿಗೆ ದಾರಿ ತೋರಿಸುವ ಹಿರಿಯ ವಿದ್ಯಾರ್ಥಿನಿ. ಮನೆಗಳಿಂದ ಹೊರಬಂದ ಹುಡುಗಿಯರ ಮೊದಲ ಮಾತು ನಮ್ಮ ಕಿವಿಗೇ ಬೀಳುತ್ತದೆ.

ನಾಚಿಕೆಯ ಹುಡುಗಿಯ ಬಗ್ಗೆ: ಅವಳ ಮೌನವನ್ನು ತುಂಬಲು ಆತುರಪಡಬೇಡಿ. ಉತ್ತರಕ್ಕೆ ಒಂದೆರಡು ಕ್ಷಣ ಕಾದರೆ ಎಷ್ಟೋ ಸಲ ಎರಡನೆಯ ವಾಕ್ಯ ತಾನಾಗಿ ಬರುತ್ತದೆ. ಗದ್ದಲದ ನಡುವಿನಿಂದ ಗೋಡೆಯ ಬದಿಗೆ ಕರೆದುಕೊಂಡು ಹೋಗಿ; ಎದುರುಬದುರು ನಿಲ್ಲುವ ಬದಲು ಪಕ್ಕಪಕ್ಕದಲ್ಲಿ ನಿಂತು ಗೋಡೆಯ ಮೇಲಿನ ಫೋಟೊಗಳನ್ನು ಒಟ್ಟಿಗೆ ನೋಡಿ. ಎರಡರಲ್ಲಿ ಒಂದನ್ನು ಆರಿಸುವ ಪ್ರಶ್ನೆಯೂ ನೆರವಾಗುತ್ತದೆ: "ಬೆಳಿಗ್ಗೆ ಎದ್ದು ಓದುವವಳೋ, ರಾತ್ರಿ ಕೂತು ಓದುವವಳೋ?" ಇದಕ್ಕೆ ಹೌದು, ಇಲ್ಲ ಎನ್ನಲು ಬರುವುದಿಲ್ಲ. ಹಾಗೂ ಅವಳು ಮಾತನಾಡದಿದ್ದರೆ "ನನಗೂ ಈ ಗದ್ದಲದಲ್ಲಿ ಮಾತು ಬರುವುದು ಕಷ್ಟ" ಎಂದು ನಿಮ್ಮ ನಿಜವನ್ನೇ ಹೇಳಿ. ನನ್ನ ಗುಂಪಿನ ಅತ್ಯಂತ ಮೌನಿ ಹುಡುಗಿ ಒಂದು ಮನೆಯಿಂದ ಮುಖ ಅರಳಿಸಿಕೊಂಡು ಬಂದದ್ದು ಇಂಥ ಒಂದು ಮಾತಿನಿಂದ.

ಅವಳೇ ಚರ್ಚ್ ವಿಷಯ ಎತ್ತಿದರೆ ಅದರಲ್ಲಿ ಅವಳು ಮಾಡುವುದರ ಕಡೆ ಮಾತನ್ನು ನಡೆಸಿ. "ಅಲ್ಲಿನ ಗಾಯನ ತಂಡದಲ್ಲಿ ಯಾವ ಧ್ವನಿಗೆ ಹಾಡುತ್ತಿದ್ದೆ?" ಎಂದರೆ ಅವಳ ನಂಬಿಕೆಗೂ ಗೌರವ ಸಿಕ್ಕಿತು, ನಿಮ್ಮ ನಂಬಿಕೆಯ ಪ್ರಶ್ನೆಯೂ ಏಳಲಿಲ್ಲ. ಚುನಾವಣೆಯಾದರೆ ಪಕ್ಷದ ಮಾತಿಗೆ ಹೋಗದೆ, "ಸಾರ್ವಜನಿಕ ವಿಷಯಗಳಲ್ಲಿ ನಿನಗೆ ಇಷ್ಟು ಆಸಕ್ತಿ ಇದೆಯಲ್ಲ, ಕಾಲೇಜಿನಲ್ಲಿ ಚರ್ಚಾಕೂಟಕ್ಕೆ ಸೇರುತ್ತೀಯಾ?" ಎಂದು ಕೇಳಬಹುದು. ಹುಡುಗರು, ಕುಡಿತ, ಪಾರ್ಟಿ ಇವೂ ಮುಟ್ಟಬಾರದ ಪಟ್ಟಿಯಲ್ಲಿವೆ ಎಂಬುದು ನಿಮಗೆ ಗೊತ್ತೇ ಇದೆ. ಹಣದ ವಿಷಯದಲ್ಲಿ ಮಾತ್ರ ಒಂದು ಭೇದವಿದೆ. ಅವಳ ಮನೆಯ ಹಣದ ಬಗ್ಗೆ ನೀವು ಕೇಳಬಾರದು. ಆದರೆ ಸದಸ್ಯತ್ವದ ವೆಚ್ಚ ಎಷ್ಟೆಂದು ಅವಳು ಕೇಳಿದರೆ ನುಣುಚಿಕೊಳ್ಳದೆ ನೇರವಾಗಿ ಉತ್ತರಿಸಿ, ಅಥವಾ ತಿಳಿದವರ ಬಳಿ ಆಗಲೇ ಕರೆದುಕೊಂಡು ಹೋಗಿ. ಅದನ್ನು ಕೇಳಲು ಅವಳಿಗೆ ಎಷ್ಟು ಧೈರ್ಯ ಬೇಕಾಗಿತ್ತೆಂಬುದು ನನಗೆ ಗೊತ್ತು.

ಸೇವಾಕಾರ್ಯದ ಸುತ್ತಿನಲ್ಲಿ ವಿಶೇಷ ಎಚ್ಚರ ಬೇಕು. ಟ್ರೈ ಡೆಲ್ಟಾ ಸಂಘ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆಗಾಗಿ ಕೆಲಸ ಮಾಡುತ್ತದೆ, ಝೀಟಾ ಟಾವ್ ಆಲ್ಫಾ ಸ್ತನ ಕ್ಯಾನ್ಸರ್ ಅರಿವಿಗಾಗಿ. ಅಂಥ ಮಾತಿನ ನಡುವೆ ಒಬ್ಬಳು ಇದ್ದಕ್ಕಿದ್ದಂತೆ "ನನ್ನ ಅಮ್ಮನಿಗೂ ಇತ್ತು" ಎನ್ನಬಹುದು. ಆಗ ಎಷ್ಟನೆಯ ಹಂತ, ಈಗ ಹೇಗಿದ್ದಾರೆ ಎಂದು ಕೆದಕಬೇಡಿ. "ಹೇಳಿದ್ದಕ್ಕೆ ಧನ್ಯವಾದ, ಅವರ ಬಗ್ಗೆ ಏನಾದರೂ ಹೇಳಬೇಕೆನಿಸಿದರೆ ಕೇಳುತ್ತೇನೆ" ಎಂದು ನಿಲ್ಲಿಸಿ. ಆ ಹೊತ್ತಿಗೆ ಬಂಪ್ ಮಾಡಲು ಬರುವ ಸದಸ್ಯೆಗೆ ಕಣ್ಣಲ್ಲೇ ಬೇಡವೆಂದು ತಿಳಿಸಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಯಾವ ಹುಡುಗಿಗೂ ಭರವಸೆ ಕೊಡಬೇಡಿ. "ನಾಳೆ ಸಿಗೋಣ", "ನೀನು ನಮ್ಮ ಮನೆಗೇ ಹೇಳಿ ಮಾಡಿಸಿದವಳು" ಇವು ನಮ್ಮ ಬಾಯಿಗೆ ಸೌಜನ್ಯವಾಗಿ ಬರುವ ಮಾತುಗಳು. ಪ್ಯಾನ್‌ಹೆಲೆನಿಕ್ ನಿಯಮದಲ್ಲಿ ಇವಕ್ಕೆ ಅವಕಾಶವಿಲ್ಲ. ಪ್ರತಿ ಮನೆಯೂ ಮುಂದಿನ ಸುತ್ತಿಗೆ ಎಷ್ಟು ಜನರನ್ನು ಕರೆಯಬಹುದೆಂಬ ಸಂಖ್ಯೆಯನ್ನು ಹಿಂದಿನ ವರ್ಷಗಳ ಅಂಕಿಗಳನ್ನಾಧರಿಸಿದ ಲೆಕ್ಕಾಚಾರ ನಿರ್ಧರಿಸುತ್ತದೆ, ಆದ್ದರಿಂದ ನೀವು ಮನಸಾರೆ ಮೆಚ್ಚಿದವಳ ಹೆಸರೂ ಮರುದಿನ ಪಟ್ಟಿಯಲ್ಲಿ ಇಲ್ಲದಿರಬಹುದು. ಬೆಳಿಗ್ಗೆ ಪಟ್ಟಿ ಕೈಗೆ ಬಂದಾಗ ಅಳುವ ಹುಡುಗಿಯರ ಪಕ್ಕದಲ್ಲಿ ನಾನು ಕೂತಿದ್ದೇನೆ. "ಆದರೆ ಅವಳು ನಾಳೆ ಸಿಗೋಣ ಎಂದಿದ್ದಳಲ್ಲ" ಎಂದು ಕೇಳಿದಾಗ ನನ್ನ ಬಳಿ ಕೊಡಲು ಉತ್ತರವಿರುವುದಿಲ್ಲ. "ನಿನ್ನ ಜೊತೆ ಮಾತನಾಡಿ ಸಂತೋಷವಾಯಿತು, ಉಳಿದ ದಿನ ಚೆನ್ನಾಗಿ ನಡೆಯಲಿ" ಎಂಬಲ್ಲಿಗೆ ಮುಗಿಸಿ. ಅದು ನಿಜವಾದ ಮಾತು, ಮರುದಿನವೂ ನಿಜವಾಗಿಯೇ ಉಳಿಯುತ್ತದೆ.

ಸಂಪಿಗೆ_ಅಟ್ಲಾಂಟಾ

ಹಾದಿ_ತೋರುಗ ಅವರ ಕೊನೆಯ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಪ್ರೆಫರೆನ್ಸ್ ಸುತ್ತಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಆ ಹೊತ್ತಿಗೆ ಗದ್ದಲ ಇರುವುದಿಲ್ಲ, ಒಬ್ಬಳ ಜೊತೆ ಒಬ್ಬಳೇ ಹೆಚ್ಚು ಹೊತ್ತು ಕೂರುತ್ತೀರಿ. ಅದಾದ ಮೇಲೆ ಅವಳು ಸಹಿ ಮಾಡುವ ಒಪ್ಪಂದ, ಅದರಲ್ಲಿ ಬರೆದ ಮನೆಯಿಂದ ಬಿಡ್ (ಸೇರಲು ಆಹ್ವಾನ) ಬಂದರೆ, ಅದೇ ಕ್ಯಾಂಪಸ್ಸಿನಲ್ಲಿ ಮುಂದಿನ ವರ್ಷದ ರಶ್‌ವರೆಗೆ ಅವಳನ್ನು ಬಂಧಿಸುತ್ತದೆ. ಆದ್ದರಿಂದ ಅಂದು ಹಗುರ ಮಾತು ಸಾಲದು. ಸದಸ್ಯೆಯಾಗಿ ನಿಮಗೆ ಕಷ್ಟವಾದದ್ದೇನು, ಆಗ ಯಾರು ಜೊತೆಗಿದ್ದರು ಎಂಬುದನ್ನು ಬಣ್ಣ ಹಚ್ಚದೆ ಹೇಳಿ. ಅವಳು ಬೇರೆ ಮನೆಯನ್ನು ಹೆಚ್ಚು ಇಷ್ಟಪಟ್ಟಿದ್ದಾಳೆಂದು ತಿಳಿದರೂ ಆ ಮನೆಯ ಬಗ್ಗೆ ಒಂದು ಕೆಟ್ಟ ಶಬ್ದ ಬರಬಾರದು.

ರಾಲೀ_ನಿವಾಸಿ

ಮಕ್ಕಳೇ, ನನ್ನ ಸಂದೇಹ ಪೂರ್ತಿ ಹೋಗಿಲ್ಲ, ವ್ಯವಸ್ಥೆಯ ಬಗ್ಗೆ ನನ್ನ ಅಭಿಪ್ರಾಯವೂ ಬದಲಾಗಿಲ್ಲ. ಆದರೆ ಟಿಪ್ಪಣಿಯ ಬಗ್ಗೆ ಸಂಪಿಗೆಯವರು ಹೇಳಿದ್ದನ್ನು ಯೋಚಿಸುತ್ತಿದ್ದೇನೆ. ನನ್ನ ಹಿರಿಯ ಮಗಳು ಮುಂದಿನ ವರ್ಷ ಕಾಲೇಜಿಗೆ ಹೋಗುತ್ತಾಳೆ. ಅವಳಿಗೆ ಈ ಚರ್ಚೆಯನ್ನು ಓದಿ ಹೇಳುತ್ತೇನೆ. ಹೋಗಬೇಕೋ ಬೇಡವೋ ಎಂಬುದನ್ನು ಅವಳೇ ನಿರ್ಧರಿಸಲಿ.

ತುಂಗಾತೀರ

ನಮ್ಮ ಗುಂಪಿನ ಹುಡುಗಿಯರ ಜೊತೆ ಇದನ್ನೆಲ್ಲ ಹಂಚಿಕೊಂಡೆ. ಬಂಪ್ ಮಾಡುವಾಗ ಹೆಸರಿನ ಜೊತೆ ಆ ಹುಡುಗಿ ಹೇಳಿದ ಒಂದು ಸಂಗತಿಯನ್ನು ಕಡ್ಡಾಯವಾಗಿ ದಾಟಿಸಬೇಕೆಂದು ಒಪ್ಪಿಕೊಂಡಿದ್ದೇವೆ. ಹೆಸರುಗಳ ಪಟ್ಟಿ ಬಂದ ಕೂಡಲೇ ಉಚ್ಚಾರಣೆಗಳನ್ನು ಮೊದಲೇ ಕೇಳಿ ತಿಳಿದುಕೊಳ್ಳಲು ನಮ್ಮ ರಿಕ್ರೂಟ್‌ಮೆಂಟ್ ಚೇರ್ ಒಪ್ಪಿದ್ದಾರೆ. ಚಾರ್ಲಟ್ ಅಮ್ಮ, ನೀರಿನ ಮಾತನ್ನೂ ಅವರ ಮುಂದೆ ಇಟ್ಟಿದ್ದೇನೆ. ಓಪನ್ ಹೌಸ್ ಸುತ್ತಿನಲ್ಲಿ ಲೋಟಗಳನ್ನು ಇಡಬಹುದೇ ಎಂದು ಕ್ಯಾಂಪಸ್ ಪ್ಯಾನ್‌ಹೆಲೆನಿಕ್ ಕೌನ್ಸಿಲ್ಲನ್ನು ವಿಚಾರಿಸುತ್ತಿದ್ದಾರೆ.

ಹಾದಿ_ತೋರುಗ

ನೀರಿಗೆ ನಮ್ಮ ಕ್ಯಾಂಪಸ್ಸಿನಲ್ಲಿ ಅಡ್ಡಿಯಿರಲಿಲ್ಲ, ಆದರೆ ತಿಂಡಿತಿನಿಸಿಗೆ, ಉಡುಗೊರೆಗೆ ಅನುಮತಿ ಇರಲಿಲ್ಲ. ಲೋಟದ ಮೇಲೆ ಸಂಘದ ಅಕ್ಷರಗಳಿದ್ದರೆ ಹುಡುಗಿಯರು ಅದನ್ನು ಹೊರಗೆ ಒಯ್ಯುವಂತಿಲ್ಲ, ಆದ್ದರಿಂದ ಸಾದಾ ಲೋಟಗಳನ್ನೇ ತರಿಸಿ. ಬಾಗಿಲ ಬಳಿ ಒಂದು ಬುಟ್ಟಿಯನ್ನೂ ಇಡಿ.